ಕೈಯಲ್ಲಿ ತಿದ್ದಿದ ರೇಟು

ಒಂದು ಚುಕ್ಕೆ ಕೆಲವು ದಿನಗಳಿಂದ ನನ್ನ ತಲೆ ತಿನ್ನುತ್ತಿದೆ. ನಿಜವಾದ ಚುಕ್ಕೆ. ಕೀಬೋರ್ಡಿನಲ್ಲಿ ಕಾಮಾದ ಪಕ್ಕ ಇರುತ್ತಲ್ಲ, ಅದೇ.

ಶಿವಮೊಗ್ಗದ ಗಾಂಧಿ ಬಜಾರಿನ ಒಳಗೆ ಒಂದು ಹೋಲ್‌ಸೇಲ್ ಅಂಗಡಿ ಇದೆ. ಪೈಪು, ಮೋಟಾರು, ಸ್ಪ್ರೇ ಹೋಸು, ಸ್ಪ್ರಿಂಕ್ಲರು, ಅಡಿಕೆ ತೋಟಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿಂದ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಚಿಲ್ಲರೆ ಅಂಗಡಿಗಳಿಗೆ ಹೋಗುತ್ತೆ. ಅವರ ಆರ್ಡರು, ಬಿಲ್ಲು, ಸ್ಟಾಕು ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದು ನಾನು. (ದೊಡ್ಡ ಕಂಪನಿ ಅಂದುಕೊಳ್ಳಬೇಡಿ. ದುರ್ಗಿಗುಡಿಯಲ್ಲಿ ಒಂದು ರೂಮು, ಎರಡು ಕಂಪ್ಯೂಟರು, ಒಂದು ಬೈಕು. ಮಳೆಗಾಲದಲ್ಲಿ ಬೈಕೂ ಇಲ್ಲ.) ಅದರಲ್ಲಿ ಆರ್ಡರ್ ಹಾಕುವಾಗ ಸಾಮಾನಿನ ಹೆಸರು ಕೊಟ್ಟರೆ ರೇಟು ತಾನಾಗೇ ಬಂದು ಕೂರುತ್ತೆ. ಆ ರೇಟನ್ನು ಯಾರಾದರೂ ಕೈಯಲ್ಲಿ ತಿದ್ದಿದರೆ ಒಂದು ಬಾಕ್ಸು ತೆರೆದುಕೊಂಡು ‘ಕಾರಣ’ ಅಂತ ಕೇಳುತ್ತೆ. ಅದನ್ನು ತುಂಬದೆ ಮುಂದಕ್ಕೆ ಬಿಡೋದಿಲ್ಲ. ಈ ಬಾಕ್ಸನ್ನು ಹಾಕಿದ ದಿನ ನನಗೆ ನನ್ನ ಬಗ್ಗೆಯೇ ಸ್ವಲ್ಪ ಹೆಮ್ಮೆಯಾಗಿತ್ತು.

ಮೂರು ತಿಂಗಳಾದ ಮೇಲೆ ಒಂದು ದಿನ ಸುಮ್ನೆ ಕುತೂಹಲಕ್ಕೆ ವರದಿ ತೆಗೆದೆ. ಯಾರು ತಿದ್ದಿದ್ದು, ಯಾವತ್ತು, ಎಷ್ಟಿದ್ದದ್ದು ಎಷ್ಟಾಯಿತು, ಎಲ್ಲ ಅಚ್ಚುಕಟ್ಟಾಗಿ ಇತ್ತು. ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಚುಕ್ಕೆ. ಪುಟ ತಿರುಗಿಸಿದರೆ ಅಲ್ಲೂ ಚುಕ್ಕೆ. ನಡುನಡುವೆ ಎರಡು ಚುಕ್ಕೆ, ಬಹುಶಃ ಬಟನ್ನು ಜೋರಾಗಿ ಒತ್ತಿದ ದಿನ. ಒಂದೇ ಒಂದು ಕಡೆ ಅಕ್ಷರಗಳಿದ್ದವು: ‘ಸಾಕಾಯ್ತು’.

ಬಿಲ್ಲಿಂಗಿನಲ್ಲಿ ಕೂರುವ ಅಕ್ಕನನ್ನು ಕೇಳಿದೆ. ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. “ಸರ್, ಕಾರಣ ನನಗೆ ಗೊತ್ತಿದ್ರೆ ತಾನೆ ಬರೆಯೋದು? ರೇಟು ಎಷ್ಟು ಹಾಕ್ಬೇಕು ಅಂತ ಹೇಳ್ತಾರೆ. ಯಾಕೆ ಅಂತ ಯಾರೂ ಹೇಳಲ್ಲ.”

ಹನ್ನೆರಡು ಹದಿನೈದಾದ ದಿನ

ಆ ಬಾಕ್ಸು ಬಂದಿದ್ದಕ್ಕೂ ಒಂದು ಕಥೆ ಇದೆ. ಮೇ ತಿಂಗಳ ಕೊನೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮೈಲುತುತ್ತ ಹೊಡೆಯೋದಕ್ಕೆ ಮುಂಚಿನ ಎರಡು ವಾರ ಈ ಅಂಗಡಿಗಳಲ್ಲಿ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮೋಡ ಕಟ್ಟಿದಷ್ಟೂ ಫೋನು ಜಾಸ್ತಿ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ಸಿಕ್ಕಿದ್ದಾನೆ, ಹೋಸು ಒಡೆದಿದೆ, ನಾಳೆಯೇ ಬೇಕು. ಹೊಸನಗರದ ಕಡೆಯ ಒಬ್ಬ ಅಂಗಡಿಯವರು ಫೋನು ಮಾಡಿ ಸ್ಪ್ರೇ ಹೋಸು 12 ರೋಲು ಹೇಳಿದರು. ಲಿಸ್ಟ್ ರೇಟು 2,450 ರೂಪಾಯಿ, ತೆರಿಗೆ ಬೇರೆ. ಇವರಿಗೆ 2,300 ಅಂತ ಸಾಹುಕಾರ್ರು ಮೊದಲೇ ಮಾತು ಕೊಟ್ಟಿದ್ದರು. ಅಕ್ಕ ಆರ್ಡರ್ ಹಾಕಿ, ರೇಟನ್ನು 2,300ಕ್ಕೆ ತಿದ್ದಿ ಉಳಿಸಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು ಬಂತು. “ಅಕ್ಕಾ, ಹನ್ನೆರಡಲ್ಲ, ಹದಿನೈದು ಮಾಡಿ.” ಅವರು ಆರ್ಡರ್ ತೆರೆದು 12 ಇದ್ದಲ್ಲಿ 15 ಒತ್ತಿದರು. ಎಂಟರ್ ಹೊಡೆದರು.

ಆ ಎಂಟರ್ ಜೊತೆಗೇ ಪಕ್ಕದ ಕಾಲಮ್ಮಿನಲ್ಲಿ 2,300 ಹೋಗಿ 2,450 ಬಂದು ಕೂತಿತು. ಸದ್ದಿಲ್ಲ, ಬಣ್ಣ ಬದಲಾಗಲಿಲ್ಲ, ಒಂದು ಮೆಸೇಜೂ ಇಲ್ಲ. ಅಕ್ಕನ ಕಣ್ಣು ಹದಿನೈದರ ಮೇಲಿತ್ತು. ಯಾರ ಕಣ್ಣಾದರೂ ಅಲ್ಲೇ ಇರುತ್ತೆ, ಅಲ್ವಾ? ಬದಲಾಯಿಸಿದ್ದನ್ನು ನೋಡ್ತೀವೇ ಹೊರತು ಬದಲಾಯಿಸದೇ ಇದ್ದದ್ದನ್ನು ಯಾರು ನೋಡ್ತಾರೆ. ಆರ್ಡರ್ ಬಿಲ್ಲಾಯಿತು, ಬಿಲ್ಲು ಲೋಡಾಯಿತು. ಶುಕ್ರವಾರ ಹೊರಟ ಸಾಮಾನು ಇನ್ನೆರಡು ಊರು ಸುತ್ತಿ ಭಾನುವಾರ ಇಳಿಯಿತು. ಭಾನುವಾರ ಸಂಜೆ ಫೋನು.

“ಎಂತ ಮಾರಾಯ್ರೆ, ಹೇಳುವಾಗ ಒಂದು ರೇಟು, ಕಳಿಸುವಾಗ ಒಂದು ರೇಟಾ?”

ಲೆಕ್ಕ ಹಾಕಿದರೆ ರೋಲಿಗೆ 150ರ ಹಾಗೆ 2,250. ಅದರ ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ 405. ಒಟ್ಟು 2,655 ರೂಪಾಯಿ ಜಾಸ್ತಿ. ದುಡ್ಡು ದೊಡ್ಡದಲ್ಲ. ಆದರೆ ಸಾಹುಕಾರ್ರ ಮುಖ ನೋಡಬೇಕಿತ್ತು. ನಲವತ್ತು ವರ್ಷದ ವ್ಯಾಪಾರದಲ್ಲಿ ಮಾತು ತಪ್ಪಿದ್ದಿಲ್ಲ ಅಂತ ಅವರ ಕೊರಗು. ಮೊದಲಾಗಿದ್ದರೆ ಬಿಲ್ಲಿನ ಮೇಲೆ ಪೆನ್ನಿನಲ್ಲಿ ಗೀಟು ಹಾಕಿ, ಹೊಸ ರೇಟು ಬರೆದು, ಪಕ್ಕದಲ್ಲಿ ಗೀಚಿದ ಹಾಗೆ ಒಂದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಈಗ ಹಾಗಿಲ್ಲ. ವರ್ಷದ ವಹಿವಾಟು ಐದು ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ. ಒಮ್ಮೆ ಸರ್ಕಾರದ ಪೋರ್ಟಲ್ಲಿನಿಂದ ನಂಬರ್ ಬಂದ ಬಿಲ್ಲನ್ನು ತಿದ್ದುವ ಹಾಗಿಲ್ಲ. ಇಪ್ಪತ್ತನಾಲ್ಕು ಗಂಟೆ ಒಳಗಾದರೆ ರದ್ದು ಮಾಡಬಹುದು. ಆಮೇಲೆ ಕ್ರೆಡಿಟ್ ನೋಟೇ ಗತಿ, ಅಂದರೆ ಜಾಸ್ತಿ ಹಾಕಿದ್ದನ್ನು ಕಳೆದು ಕೊಡುವ ಇನ್ನೊಂದು ಕಾಗದ. ಶುಕ್ರವಾರದ ಬಿಲ್ಲಿಗೆ ಭಾನುವಾರ ಗೊತ್ತಾಗಿದ್ದು. ಹಾಗಾಗಿ ಕ್ರೆಡಿಟ್ ನೋಟು, ಅದಕ್ಕೊಂದು ನಂಬರು, ಆ ತಿಂಗಳ ರಿಟರ್ನಿನಲ್ಲಿ ಅದರದ್ದೊಂದು ಸಾಲು. ಒಂದು ಮಾತು ಉಳಿಸಿಕೊಳ್ಳೋಕೆ ಇಷ್ಟು ಕಾಗದ.

ಯಾರ ತಪ್ಪು? ಸಾಫ್ಟ್‌ವೇರನ್ನು ಬೈಯೋದು ಸುಲಭ. ಆದರೆ ಅದರ ಕಡೆಯಿಂದ ಯೋಚಿಸಿದರೆ ಅದು ಮಾಡಿದ್ದು ಸರಿಯೇ. ಹತ್ತು ರೋಲಿಗೆ ಒಂದು ರೇಟು, ಐವತ್ತಕ್ಕೆ ಒಂದು ರೇಟು ಅಂತ ಇರುತ್ತೆ. ಸಂಖ್ಯೆ ಬದಲಾದರೆ ರೇಟನ್ನು ಮತ್ತೊಮ್ಮೆ ನೋಡಬೇಕು ಅಂತ ಅದಕ್ಕೆ ಹೇಳಿಕೊಟ್ಟಿದೆ. ನೋಡಿತು. ಲಿಸ್ಟಿನಲ್ಲಿ 2,450 ಇತ್ತು, ಹಾಕಿತು. ನಡುವೆ ಒಬ್ಬರು ಕೈ ಹಾಕಿದ್ದರು ಅನ್ನೋದು ಅದಕ್ಕೆ ನೆನಪಿಲ್ಲ. ಜಗತ್ತಿನಲ್ಲಿ ಇದನ್ನು ಮೊದಲು ಅನುಭವಿಸಿದವರು ನಾವಲ್ಲ. ದೊಡ್ಡ ಕಂಪನಿಗಳು ಬಳಸುವ ಎಸ್‌ಎಪಿ ಅನ್ನೋ ಸಾಫ್ಟ್‌ವೇರಿನಲ್ಲಿ ಬೆಲೆಯನ್ನು ಮತ್ತೆ ಲೆಕ್ಕ ಹಾಕಿಸುವಾಗ ಒಂದು ಅಕ್ಷರ ಆರಿಸಬೇಕು. ‘ಬಿ’ ಅಂದರೆ ಎಲ್ಲ ಹೊಸದಾಗಿ, ಕೈಯಲ್ಲಿ ಹಾಕಿದ್ದೂ ಹೋಗುತ್ತೆ. ‘ಸಿ’ ಅಂದರೆ ಕೈಯಲ್ಲಿ ಹಾಕಿದ್ದನ್ನು ಹಾಗೇ ಇಟ್ಟು ಉಳಿದಿದ್ದನ್ನು ಮಾತ್ರ. ಇಆರ್‌ಪಿನೆಕ್ಸ್ಟ್ ಅನ್ನೋ ಇನ್ನೊಂದು ಸಾಫ್ಟ್‌ವೇರಿನಲ್ಲಿ ಬೆಲೆಯ ನಿಯಮಗಳನ್ನು ಬಿಟ್ಟುಬಿಡು ಅನ್ನೋದಕ್ಕೆ ಒಂದು ಟಿಕ್ ಇದೆ. ಅಂದರೆ ಎಲ್ಲೋ ಯಾರೋ ಇಂಥದೇ ಬೈಗುಳ ತಿಂದಿದ್ದಾರೆ, ತಿಂದ ಮೇಲೆ ಆ ಅಕ್ಷರ, ಆ ಟಿಕ್ಕು ಹುಟ್ಟಿವೆ. ನಾನು ಹಾಕಿಕೊಟ್ಟ ಸಾಫ್ಟ್‌ವೇರಿನಲ್ಲೂ ಅಂಥದೊಂದು ಸೆಟ್ಟಿಂಗ್ ಇತ್ತು. ನಾನು ನೋಡಿರಲಿಲ್ಲ. ತಪ್ಪು ನಂದೇ. ಸೋಮವಾರ ಹೋಗಿ ಸರಿ ಮಾಡಿದೆ. ಅದರ ಜೊತೆಗೆ, ಯಾರೂ ಕೇಳದೆ ಇದ್ದರೂ, ಆ ಕಾರಣದ ಬಾಕ್ಸನ್ನೂ ಸೇರಿಸಿದೆ. ತಪ್ಪು ಮಾಡಿದವನಿಗೆ ಹೆಚ್ಚಿಗೆ ಏನಾದರೂ ಮಾಡಿ ತೋರಿಸಬೇಕು ಅನ್ನಿಸುತ್ತಲ್ಲ, ಆ ತರಹ.

ಮಾವನ ಅಂಗಡಿಯ ಚೀಟಿ

ನನ್ನ ಸೋದರಮಾವನದ್ದು ಸಾಗರದಲ್ಲಿ ಬಟ್ಟೆ ಅಂಗಡಿ ಇತ್ತು. ಬೇಸಿಗೆ ರಜೆ ಪೂರ್ತಿ ನಾನು ಅಲ್ಲೇ. ಸೀರೆ ಮಡಿಸಿ ಕೊಡೋದು, ಗಿರಾಕಿ ಬಂದರೆ ಪಕ್ಕದ ಹೋಟೆಲಿಗೆ ಓಡಿ ಟೀ ಹೇಳೋದು ನನ್ನ ಕೆಲಸ. ಪ್ರತಿ ಸೀರೆಗೂ ಒಂದು ಸಣ್ಣ ಚೀಟಿ ಪಿನ್ನು ಮಾಡಿರುತ್ತಿತ್ತು. ಅದರಲ್ಲಿ ಬೆಲೆ ಇಲ್ಲ. ಮೂರು ನಾಲ್ಕು ಕನ್ನಡ ಅಕ್ಷರ ಮಾತ್ರ. ಹತ್ತು ಅಕ್ಷರ, ಒಂದೊಂದಕ್ಕೂ ಒಂದು ಅಂಕಿ. ಅಸಲು ಎಷ್ಟು ಬಿದ್ದಿದೆ ಅಂತ ಅಂಗಡಿಯವರಿಗೆ ಮಾತ್ರ ಗೊತ್ತಾಗುವ ಲಿಪಿ. ಆ ಹತ್ತು ಅಕ್ಷರ ಏನು ಅಂತ ಇಲ್ಲಿ ಬರೆಯೋದಿಲ್ಲ. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ, ಮಾವನೂ ಇಲ್ಲ, ಆದರೂ ಯಾಕೋ ಬರೆಯೋಕೆ ಕೈ ಬರೋದಿಲ್ಲ.

ಮಾವ ಗಿರಾಕಿಯ ಜೊತೆ ಮಾತಾಡುತ್ತಲೇ ಚೀಟಿಯನ್ನು ಹೆಬ್ಬೆರಳಲ್ಲಿ ಸ್ವಲ್ಪ ತಿರುಗಿಸುತ್ತಿದ್ದರು. ಒಂದು ಕ್ಷಣ ಕೆಳಗೆ ನೋಡುತ್ತಿದ್ದರು. ಆಮೇಲೆ ಗಿರಾಕಿಯ ಮುಖ. ಮದುವೆ ಯಾರದ್ದು, ಅಡಿಕೆ ಮಾರಾಟ ಆಯ್ತಾ, ಹೋದ ಸಲದ ಬಾಕಿ ಎಷ್ಟು ದಿನಕ್ಕೆ ಕೊಟ್ಟರು, ಎಲ್ಲ ಆ ಒಂದು ನೋಟದಲ್ಲಿ. ಆಮೇಲೆ ಬಾಯಲ್ಲಿ ಒಂದು ಸಂಖ್ಯೆ. ಒಂದೇ ಸೀರೆಗೆ ಬೆಳಗ್ಗೆ ಒಬ್ಬರಿಗೆ ಹೇಳಿದ್ದು ಬೇರೆ, ಮಧ್ಯಾಹ್ನ ಇನ್ನೊಬ್ಬರಿಗೆ ಬೇರೆ. ನನಗೆ ಆಗ ಇದು ಮೋಸ ಅನ್ನಿಸುತ್ತಿತ್ತು. ಒಂದು ದಿನ ಕೇಳಿಯೂ ಬಿಟ್ಟೆ. ಮಾವ ನಗಲಿಲ್ಲ, ಬೈಯಲಿಲ್ಲ. “ಅವಳ ಕೈಲಿ ಎಷ್ಟಿದೆ ಅಂತ ನಂಗೊತ್ತು ಮಾರಾಯ, ಅಷ್ಟೇ ಹೇಳಿದೆ” ಅಂದರು. ಅವತ್ತು ಕಡಿಮೆ ಹೇಳಿದ್ದರು ಅನ್ನೋದು ನನಗೆ ಹೊಳೆದಿದ್ದು ರಾತ್ರಿ ಊಟಕ್ಕೆ ಕೂತಾಗ.

(ಎಲ್ಲರೂ ಮಾವನ ತರಹ ಇರುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಮುಖ ನೋಡಿ ರೇಟು ಹೇಳೋದರಲ್ಲಿ ಜಾತಿ ನೋಡೋದೂ ಇತ್ತು, ಬಟ್ಟೆ ನೋಡೋದೂ ಇತ್ತು, ಓದು ಬಾರದವರಿಗೆ ಜಾಸ್ತಿ ಹಾಕೋದೂ ಇತ್ತು. ಬರೆದಿಟ್ಟ ಒಂದೇ ರೇಟು ಅನ್ನೋದು ಎಷ್ಟೋ ಜನರಿಗೆ ಮರ್ಯಾದೆ ತಂದುಕೊಟ್ಟಿದೆ. ಅದನ್ನು ಮರೆತು ಹಳೇ ಕಾಲವೇ ಚೆಂದ ಅನ್ನುವವನು ನಾನಲ್ಲ.)

ಆ ಚೀಟಿ ಈಗ ಸಾಫ್ಟ್‌ವೇರಿನಲ್ಲಿದೆ. ಅಸಲು ರೇಟಿಗಿಂತ ಕೆಳಗೆ ಮಾರಿದರೆ ಎಚ್ಚರಿಸು ಅಂತ ಹಾಕಬಹುದು, ಪ್ರತಿ ಸಾಲಿನ ಪಕ್ಕ ಲಾಭ ಎಷ್ಟು ಅಂತ ತೋರಿಸಬಹುದು. ಈ ಅಂಗಡಿಯಲ್ಲೂ ತೋರಿಸಿದ್ದೆ. ಮೂರನೇ ದಿನಕ್ಕೆ ತೆಗೆಯಬೇಕಾಯಿತು. ಬಿಲ್ಲಿಂಗ್ ಟೇಬಲ್ಲಿನ ಮಾನಿಟರು ಅರ್ಧ ಗಿರಾಕಿ ಕಡೆಗೆ ತಿರುಗಿತ್ತು. ಕೊಪ್ಪದಿಂದ ಬಂದಿದ್ದವರೊಬ್ಬರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಲಾಭದ ಕಾಲಮ್ಮನ್ನು ಓದಿ, ಆಮೇಲೆ ಚೌಕಾಸಿ ಶುರು ಮಾಡಿದರು. ಮಾವನ ಅಕ್ಷರಗಳ ಬುದ್ಧಿ ನನಗೆ ಇರಲಿಲ್ಲ.

ರೇಟಿನ ಒಳಗೆ ಏನೇನಿದೆ

ಈ ಅಂಗಡಿಯಲ್ಲಿ ಹಳೇ ಗುಮಾಸ್ತರೊಬ್ಬರಿದ್ದರು. ಹೋದ ವರ್ಷ ಕೆಲಸ ಬಿಟ್ಟು ಮಗಳ ಮನೆಗೆ ಹೋದರು. ಸಾಫ್ಟ್‌ವೇರ್ ಹಾಕುವಾಗ ಗಿರಾಕಿಗಳ ಪಟ್ಟಿ, ರೇಟಿನ ಪಟ್ಟಿ ತುಂಬಿಸೋಕೆ ಅವರ ಪಕ್ಕ ಒಂದು ವಾರ ಕೂತಿದ್ದೆ. (ಆ ಪಟ್ಟಿಯಲ್ಲಿ ಶಿಮೊಗ್ಗ ಅಂತ ಒಂದು ಊರು, ಶಿವಮೊಗ್ಗ ಅಂತ ಇನ್ನೊಂದು ಊರು ಇತ್ತು. 2014ರಲ್ಲಿ ಹೆಸರು ಬದಲಾದಾಗ ಯಾರೋ ಹೊಸದು ಸೇರಿಸಿದ್ದರು, ಹಳೇದು ತೆಗೆದಿರಲಿಲ್ಲ. ಅರ್ಧ ಗಿರಾಕಿಗಳು ಇನ್ನೂ ಹಳೇ ಊರಲ್ಲೇ ಇದ್ದರು.) ಅವರ ಹತ್ತಿರ ಕಪ್ಪು ರಟ್ಟಿನ ಒಂದು ನೋಟ್‌ಬುಕ್. ಒಬ್ಬೊಬ್ಬ ಗಿರಾಕಿಗೂ ಅರ್ಧ ಪುಟ. ಸಾಮಾನಿನ ಹೆಸರಿನ ಮುಂದೆ ಎರಡು ಕಳೆ, ಮೂರು ಕೂಡು ಅಂತ ಗುರುತು. ಲಿಸ್ಟಿಗಿಂತ ಎಷ್ಟು ಕಡಿಮೆ, ಎಷ್ಟು ಜಾಸ್ತಿ ಅನ್ನೋದು.

“ಇವ್ರಿಗೆ ಯಾಕೆ ಎರಡು ಪರ್ಸೆಂಟ್ ಜಾಸ್ತಿ?” ಅಂತ ಒಂದು ಹೆಸರು ತೋರಿಸಿ ಕೇಳಿದೆ.

“ದುಡ್ಡು ಅಡಿಕೆ ಕೊಯ್ಲಾದ ಮೇಲೆ ಬರೋದು. ಆರು ತಿಂಗಳ ಉದ್ರಿ.”

“ಹಾಗಾದ್ರೆ ಬಡ್ಡಿ ಅಂತ ಬೇರೆ ಹಾಕಬಹುದಲ್ಲ ಸರ್.”

“ಬಡ್ಡಿ ಅಂತ ಬರೆದ್ರೆ ಆ ಮನುಷ್ಯ ಇನ್ನೊಂದು ಸಲ ಈ ಮೆಟ್ಟಿಲು ಹತ್ತಲ್ಲ ಕಣಯ್ಯ. ರೇಟಲ್ಲಿ ಇದ್ರೆ ಅವ್ರಿಗೂ ಗೊತ್ತು, ನಮಗೂ ಗೊತ್ತು. ಬಾಯಲ್ಲಿ ಬರಬಾರ್ದು ಅಷ್ಟೆ.”

ಇನ್ನೊಬ್ಬರಿಗೆ ಮೂರು ಕಡಿಮೆ. ಯಾಕೆ ಅಂದರೆ ಲಾರಿ ವಾಪಸ್ ಬರುವಾಗ ಖಾಲಿ ಬರದ ಹಾಗೆ ಅವರು ಬಾಡಿಗೆ ಹೊಂದಿಸಿಕೊಡುತ್ತಾರೆ. ಮತ್ತೊಬ್ಬರಿಗೆ ಮೋಟಾರಿನಲ್ಲಿ ಏನೂ ಬಿಡೋದಿಲ್ಲ, ಪೈಪಿನಲ್ಲಿ ಬಿಡುತ್ತಾರೆ. ಅವರ ಊರಲ್ಲಿ ಪೈಪಿಗೆ ಎದುರಾಳಿ ಅಂಗಡಿ ಇದೆ, ಮೋಟಾರಿಗೆ ಇಲ್ಲ. ಹೀಗೆ ಒಂದು ರೇಟಿನ ಒಳಗೆ ಬಡ್ಡಿ, ಬಾಡಿಗೆ, ಪೈಪೋಟಿ, ಹಳೇ ಉಪಕಾರ, ಹಳೇ ಜಗಳ ಎಲ್ಲ ಮಡಚಿ ಇಟ್ಟಿದ್ದರು. ನಾನು ಆ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಹಾಕಿದೆ. ಹಾಕಿದ್ದು ಸಂಖ್ಯೆ. ಮೈನಸ್ ಎರಡು, ಪ್ಲಸ್ ಮೂರು. ಅವರು ಬಾಯಲ್ಲಿ ಹೇಳಿದ್ದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ, ಅದನ್ನು ಬರೆದುಕೊಳ್ಳಬೇಕು ಅಂತ ಆಗ ಹೊಳೆಯಲೂ ಇಲ್ಲ. ವಾರದ ಕೊನೆಗೆ ಎಲ್ಲ ತುಂಬಿಯಾಯಿತು ಅಂತ ಟೀ ಕುಡಿದು ಬಂದೆ.

ಬೀಗ

ಚುಕ್ಕೆಗಳ ವರದಿ ನೋಡಿದ ಸಿಟ್ಟಿನಲ್ಲಿ ನಾನು ಮಾಡಿದ ಕೆಲಸ ಹೇಳೋಕೆ ನಾಚಿಕೆ. ಸಾಹುಕಾರ್ರ ಮಗ ಅಂಗಡಿಗೆ ಹೊಸದಾಗಿ ಬಂದಿದ್ದ. ಬೆಂಗಳೂರಲ್ಲಿ ಓದಿದವನು, ವರದಿ ನೋಡಿ ಅವನೂ ಬಿಸಿಯಾದ. “ಇದಕ್ಕೆ ಬೀಗ ಹಾಕಿಬಿಡಿ” ಅಂದ. ಹಾಕಿಬಿಟ್ಟೆ. ರೇಟಿನ ಕಾಲಮ್ಮು ಬೂದು ಬಣ್ಣಕ್ಕೆ ತಿರುಗಿತು. ತಿದ್ದಬೇಕು ಅಂದರೆ ಮಗನ ಮೊಬೈಲಿಗೆ ಹೋಗಿ, ಅವನು ಒಪ್ಪಿದರೆ ಮಾತ್ರ.

ಮೊದಲ ಹದಿನೈದು ದಿನ ವರದಿ ನೋಡೋಕೆ ಹಬ್ಬ. ತಿದ್ದಿದ ರೇಟೇ ಇಲ್ಲ. ಮಗ ನನಗೆ ಬೆಣ್ಣೆ ದೋಸೆ ಕೊಡಿಸಿದ. ಮೂರನೇ ವಾರ ಗೋಡೌನಿನ ಹುಡುಗ ತಲೆ ಕೆರೆದುಕೊಂಡು ಬಂದ. ನಾಲ್ಕು ಕೆಜಿ ಪೈಪಿನ ಸ್ಟಾಕು ಮೈನಸ್ಸಿಗೆ ಹೋಗಿದೆ, ಆರು ಕೆಜಿ ಪೈಪು ಲೆಕ್ಕಕ್ಕಿಂತ ಕಡಿಮೆ ಇದೆ. (ಪೈಪಿನ ಕೆಜಿ ಅಂದರೆ ತೂಕ ಅಲ್ಲ, ಎಷ್ಟು ಒತ್ತಡ ತಡೆಯುತ್ತೆ ಅನ್ನೋದು. ತೋಟದವರಿಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತಿರಲಿಲ್ಲ, ಅದಕ್ಕೆ ಬರೆದೆ.) ವಿಷಯ ಇಷ್ಟೇ. ರೇಟು ಇಳಿಸೋಕೆ ಬಿಡೋದಿಲ್ಲ ತಾನೆ? ಸರಿ, ಆರು ಕೆಜಿ ಪೈಪು ಕಳಿಸಿ ನಾಲ್ಕು ಕೆಜಿ ಪೈಪು ಅಂತ ಬಿಲ್ಲು ಹಾಕಿದರು. ಗಿರಾಕಿಗೆ ಕೊಟ್ಟ ಮಾತು ಉಳಿಯಿತು, ಕಾಲಮ್ಮು ಬೂದು ಬಣ್ಣದಲ್ಲೇ ಇತ್ತು, ಗೋಡೌನು ಹಾಳಾಯಿತು. ಇನ್ನೂ ಕೆದಕಿದರೆ ಇನ್ನೂ ಸಿಕ್ಕಿತು. ಲಾರಿ ಬಾಡಿಗೆ ಸೊನ್ನೆ. ಕ್ಲಾಂಪು, ನಿಪ್ಪಲ್ಲು ‘ಸ್ಯಾಂಪಲ್’ ಅಂತ ಪುಕ್ಕಟೆ. ಒಂದು ಕಡೆ ಎರಡು ರೋಲು ‘ಡ್ಯಾಮೇಜ್’. ಡ್ಯಾಮೇಜ್ ಆಗಿರಲೇ ಇಲ್ಲ.

ಇದನ್ನೆಲ್ಲ ಮಾಡಿದ್ದು ಅದೇ ಬಿಲ್ಲಿಂಗ್ ಅಕ್ಕ. ಕಳ್ಳತನಕ್ಕಲ್ಲ, ಒಂದು ಪೈಸೆ ಅವರ ಮನೆಗೆ ಹೋಗಿಲ್ಲ. ಮಗನಿಗೆ ಮೆಸೇಜು ಕಳಿಸಿ ಕಾದಿದ್ದರು. ಅವನು ಮಂಗಳೂರಿನಲ್ಲೋ ಎಲ್ಲೋ ಇದ್ದ, ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ. ಇತ್ತ ಲಾರಿ ಸ್ಟಾರ್ಟಾಗಿ ನಿಂತಿದೆ, ಡ್ರೈವರು ಹಾರ್ನು ಹೊಡೀತಾನೆ. ಏನು ಮಾಡಬೇಕು? ಮೊದಲು ಒಂದು ಸಾಲಿನಲ್ಲಿ ಕಾಣುತ್ತಿದ್ದ ವಿಷಯ ಈಗ ಹತ್ತು ಕಡೆ ಚದುರಿ ಕಾಣದ ಹಾಗೆ ಆಗಿತ್ತು. ಚುಕ್ಕೆಯೇ ಎಷ್ಟೋ ವಾಸಿ. ಚುಕ್ಕೆ ಇದ್ದಲ್ಲಿ ಏನೋ ಇದೆ ಅಂತಾದರೂ ಗೊತ್ತಾಗುತ್ತಿತ್ತು.

ಕಂಪನಿ ಅಂತ ನೋಂದಾಯಿಸಿದವರು 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನೋ ದಾಖಲೆ ಇಡಲೇಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ನಮ್ಮ ಅಂಗಡಿ ಪಾಲುದಾರಿಕೆಯದ್ದು, ಅವರಿಗೆ ಆ ಕಾನೂನು ಇಲ್ಲ. ಆದರೂ ಹಾಕಿದ್ದೆ. ಆ ದಾಖಲೆಯಲ್ಲಿ ಆರು ಕೆಜಿ ಪೈಪಿನ ಸುದ್ದಿಯೇ ಇಲ್ಲ. ಯಾಕಂದರೆ ಯಾರೂ ಏನನ್ನೂ ತಿದ್ದಿರಲಿಲ್ಲ.

ನಾಲ್ಕು ಪೈಸೆ

ನಡುವೆ ಒಂದು ಸಣ್ಣ ತಮಾಷೆ. ಮಲೆನಾಡಿನ ಎಷ್ಟೋ ಗಿರಾಕಿಗಳು ರೇಟು ಕೇಳೋದು ‘ಎಲ್ಲ ಸೇರಿ ಎಷ್ಟು’ ಅಂತ. ಅಂಥವರಿಗೆ ಸಾಹುಕಾರ್ರು ಒಂದು ಸಾವಿರ ಅಂದರೆ ತೆರಿಗೆ ಸೇರಿ ಒಂದು ಸಾವಿರ. ಸಾಫ್ಟ್‌ವೇರಿಗೆ ತೆರಿಗೆ ಬಿಟ್ಟ ರೇಟು ಬೇಕು. ಅಕ್ಕ ಕ್ಯಾಲ್ಕುಲೇಟರು ತೆಗೆದು ಸಾವಿರವನ್ನು 1.18ರಿಂದ ಭಾಗಿಸಿ 847.46 ಅಂತ ಹಾಕುತ್ತಾರೆ. ಹನ್ನೆರಡು ಪೀಸಿಗೆ 10,169.52. ಕೇಂದ್ರದ ಪಾಲು ಸಿಜಿಎಸ್‌ಟಿ 915.26, ರಾಜ್ಯದ ಪಾಲು ಎಸ್‌ಜಿಎಸ್‌ಟಿ 915.26. ಕೂಡಿದರೆ 12,000.04. ಆ ನಾಲ್ಕು ಪೈಸೆಯನ್ನು ರೌಂಡಾಫ್‌ಗೆ ಹಾಕಿ ಕಳೆಯಬೇಕು. ತೆರಿಗೆ ಸೇರಿದ ರೇಟು ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಸಾಫ್ಟ್‌ವೇರೇ ಒಳಗಿನಿಂದ ತೆರಿಗೆ ಬಿಡಿಸಿಕೊಳ್ಳುತ್ತೆ ಅಂತ ಎಷ್ಟು ಸಲ ಹೇಳಿಕೊಟ್ಟರೂ ಅಕ್ಕ ಕ್ಯಾಲ್ಕುಲೇಟರ್ ಬಿಡಲಿಲ್ಲ. “ನನ್ನ ಕೈಯಲ್ಲಿ ಮಾಡಿದ್ರೆ ನಂಗೆ ಧೈರ್ಯ ಸರ್.”

ಅವರ ಧೈರ್ಯ ನಾನು ಅಂದುಕೊಂಡಷ್ಟು ಸಣ್ಣ ವಿಷಯ ಆಗಿರಲಿಲ್ಲ ಅಂತ 2025ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಆ ತಿಂಗಳ 22ಕ್ಕೆ ಜಿಎಸ್‌ಟಿ ದರಗಳು ಬದಲಾದವು. ಸ್ಪ್ರಿಂಕ್ಲರು, ಹನಿ ನೀರಾವರಿ ಸಾಮಾನು ಹನ್ನೆರಡರಿಂದ ಐದು ಪರ್ಸೆಂಟಿಗೆ ಬಂತು. ಹಿಂದಿನ ದಿನ ಭಾನುವಾರ, ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲಿ ಕೂತು ತೆರಿಗೆ ಬದಲಾಯಿಸಿದೆ. ಲಿಸ್ಟಿನಿಂದ ಬರುವ ರೇಟುಗಳೆಲ್ಲ ಮಾತು ಕೇಳಿದವು. ಕೈಯಲ್ಲಿ ತಿದ್ದಿದ ಆರ್ಡರುಗಳು ಮಾತ್ರ ಕೂತಲ್ಲೇ ಕೂತವು. ಈಗ ಸೆಟ್ಟಿಂಗ್ ಸರಿ ಮಾಡಿದ್ದೆನಲ್ಲ, ಕೈಯಲ್ಲಿ ಹಾಕಿದ್ದನ್ನು ಸಾಫ್ಟ್‌ವೇರ್ ಮುಟ್ಟೋದಿಲ್ಲ.

ದೀಪಾವಳಿ ಕಳೆದ ಮೇಲೆ ತಗೊಂಡು ಹೋಗ್ತೀವಿ ಅಂತ ಆಗಸ್ಟಿನಲ್ಲೇ ಹೇಳಿಟ್ಟ ಸ್ಪ್ರಿಂಕ್ಲರ್ ಸೆಟ್ಟುಗಳ ಆರ್ಡರು ಹಲವು ಇದ್ದವು. ಒಂದು ಸೆಟ್ಟಿಗೆ ಎಲ್ಲ ಸೇರಿ 11,200 ಅಂತ ಮಾತು. ಹತ್ತು ಸಾವಿರ, ಮೇಲೆ ಹನ್ನೆರಡು ಪರ್ಸೆಂಟು. ಈಗ ಬಿಲ್ಲು ಹಾಕಿದರೆ ಐದೇ ಪರ್ಸೆಂಟ್. ಅಕ್ಕ ಕ್ಯಾಲ್ಕುಲೇಟರಿನಲ್ಲಿ ಒಡೆದು ಹಾಕಿದ ಆರ್ಡರುಗಳಲ್ಲಿ ರೇಟು ಹತ್ತು ಸಾವಿರ ಅಂತಲೇ ಇತ್ತು. ಅವು 10,500 ತೋರಿಸಿದವು. ನಾನು ಹೇಳಿಕೊಟ್ಟ ಹಾಗೆ ‘ತೆರಿಗೆ ಸೇರಿ’ ಅಂತ ಮಗ ಹಾಕಿದ್ದ ಆರ್ಡರುಗಳು 11,200 ಅಂತಲೇ ಉಳಿದವು. ಒಳಗೆ ಸಾಮಾನಿನ ಬೆಲೆ ಮಾತ್ರ ಸದ್ದಿಲ್ಲದೆ 10,666 ರೂಪಾಯಿ 67 ಪೈಸೆಗೆ ಏರಿತ್ತು. ಒಂದೇ ಸೆಟ್ಟು, ಒಂದೇ ಮಾತು, ಎರಡು ಬಿಲ್ಲು.

ಮಗ ಹೇಳಿದ, ಮಾತು 11,200 ಅಂತ ಆಗಿತ್ತು, ಅಷ್ಟೇ ತಗೊಳ್ಳೋಣ. ಸಾಹುಕಾರ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎಲೆಗೆ ಸುಣ್ಣ ಸವರುತ್ತಾ ಸುಮ್ಮನಿದ್ದರು. ಆಮೇಲೆ ನನ್ನನ್ನು ಕೇಳಿದರು. “ಏನಪ್ಪಾ, ಸರ್ಕಾರ ಏಳು ಬಿಟ್ರೆ ಅದು ನಂದಾ, ಅವ್ರದ್ದಾ?”

ನಾನು, ಕಾನೂನಿನ ಪ್ರಕಾರ ತೆರಿಗೆ ಇಳಿದಿದ್ದು ಗಿರಾಕಿಗೆ ಹೋಗಬೇಕು ಅಂತ ಏನೋ ಹೇಳೋಕೆ ಹೊರಟೆ. ಅವರು ಕೈ ಎತ್ತಿ ನಿಲ್ಲಿಸಿದರು. “ಕಾನೂನು ಕೇಳ್ಲಿಲ್ಲ. ನಾನು ಎಲ್ಲ ಸೇರಿ ಅಂದಿದ್ದೆ. ಎಲ್ಲ ಅನ್ನೋದರಲ್ಲಿ ಸರ್ಕಾರದ್ದೂ ಇತ್ತು. ಸರ್ಕಾರ ಅದರದ್ದು ಬಿಟ್ಮೇಲೆ ಅದನ್ನ ನಾನು ಎತ್ಕೊಳ್ಳೋದಾ?” ಎಲೆ ಬಾಯಿಗೆ ಹಾಕಿಕೊಂಡರು. 10,500 ಅಂತ ಆಯಿತು. ಮಗ ಮುಖ ದಪ್ಪ ಮಾಡಿಕೊಂಡು ಒಂದೊಂದೇ ಆರ್ಡರು ತಿದ್ದಿದ. ಪ್ರತಿ ಸಲ ಕಾರಣದ ಬಾಕ್ಸು ತೆರೆಯುತ್ತಿತ್ತು. ಅವನೂ ಚುಕ್ಕೆ ಹಾಕಿದ್ದನ್ನು ನಾನು ನೋಡಿದೆ. ಏನೂ ಹೇಳಲಿಲ್ಲ.

ಅಂಗಡಿಯ ಮಾತಲ್ಲೇ

ಬೀಗ ತೆಗೆದಿದ್ದು ಅವತ್ತೇ. ಪೂರ್ತಿ ತೆಗೆಯಲಿಲ್ಲ, ಅಸಲಿಗಿಂತ ಕೆಳಗೆ ಹೋದರೆ ಮಾತ್ರ ಸಾಹುಕಾರ್ರನ್ನು ಕೇಳಬೇಕು ಅಂತ ಉಳಿಸಿದೆ. ಕಾರಣದ ಬಾಕ್ಸಿನಲ್ಲಿ ಬರೆಯುವ ಜಾಗ ತೆಗೆದು, ಆರಿಸಿಕೊಳ್ಳುವ ಪಟ್ಟಿ ಇಟ್ಟೆ. ಆ ಪಟ್ಟಿ ಮೊದಲು ನಾನೇ ಮಾಡಿದ್ದೆ: ವಿಶೇಷ ರಿಯಾಯಿತಿ, ಸ್ಪರ್ಧಾತ್ಮಕ ದರ, ಪ್ರಮಾಣಾಧಾರಿತ ರಿಯಾಯಿತಿ. ಅಕ್ಕ ಓದಿ, “ಇದು ಯಾವ ಭಾಷೆ ಸರ್?” ಅಂದರು. ಕನ್ನಡ ಅಂದೆ. ನಂಬಲಿಲ್ಲ.

ಆಮೇಲೆ ಪಟ್ಟಿಯನ್ನು ಅವರೇ ಹೇಳಿದರು, ನಾನು ಟೈಪ್ ಮಾಡಿದೆ. ‘ಉದ್ರಿ’. ‘ನಗದು’. ‘ಲಾರಿ ಅವರದ್ದೇ’. ‘ಎದುರಂಗಡಿ ರೇಟು’. ‘ಸಾಹುಕಾರ್ರು ಫೋನಲ್ಲಿ ಹೇಳಿದ್ದು’. ‘ಹೋದ ಸಲ ನಮ್ಮಿಂದ ತಪ್ಪಾಗಿದ್ದಕ್ಕೆ’. ‘ಹಳೇ ಮಾತು’. ಕೊನೆಯದು ಏನು ಅಂತ ಕೇಳಿದೆ. ಗುಮಾಸ್ತರ ನೋಟ್‌ಬುಕ್ಕಿನಿಂದ ಬಂದವು, ಯಾಕೆ ಅಂತ ಯಾರಿಗೂ ಗೊತ್ತಿಲ್ಲದವು ಅಂದರು. ಒಂದು ತಿಂಗಳ ವರದಿಯಲ್ಲಿ ಚುಕ್ಕೆ ಇರಲಿಲ್ಲ, ಹಾಕೋಕೆ ಜಾಗವೇ ಇರಲಿಲ್ಲ. ‘ಹಳೇ ಮಾತು’ ಎಲ್ಲಕ್ಕಿಂತ ಜಾಸ್ತಿ ಇತ್ತು.

ಗುಮಾಸ್ತರಿಗೆ ಫೋನು ಮಾಡಿದೆ. ಕಿವಿ ಅಷ್ಟು ಕೇಳಿಸೋದಿಲ್ಲ. ಕೆಲವು ಹೆಸರಿಗೆ ಕಾರಣ ಹೇಳಿದರು, ಕೆಲವಕ್ಕೆ “ಅದು ದೊಡ್ಡ ಸಾಹುಕಾರ್ರ ಕಾಲದ್ದು” ಅಂದರು. ದೊಡ್ಡ ಸಾಹುಕಾರ್ರು ಅಂದರೆ ಈಗಿನವರ ಅಪ್ಪ. ಅವರಿಲ್ಲ.

ಆಗುಂಬೆ ದಾರಿಯ ಒಂದು ಅಂಗಡಿಯ ಹೆಸರಿನ ಮುಂದೆ ಎಲ್ಲ ಸಾಮಾನಿಗೂ ನಾಲ್ಕು ಪರ್ಸೆಂಟ್ ಕಡಿಮೆ ಇತ್ತು. ಉದ್ರಿಯೂ ತಗೊಳ್ತಾರೆ, ಲಾರಿಯೂ ನಮ್ಮದೇ, ಎದುರಂಗಡಿಯೂ ಇಲ್ಲ. ಮಗ ಇದನ್ನು ಹಿಡಿದುಕೊಂಡ. ವರ್ಷಕ್ಕೆ ಇಷ್ಟು ಹೋಗ್ತಿದೆ ಅಂತ ಲೆಕ್ಕ ಹಾಕಿ ಅಪ್ಪನ ಮುಂದಿಟ್ಟ. ಸಾಹುಕಾರ್ರು ಅದನ್ನು ನೋಡಿ, ತಲೆಯಾಡಿಸಿ, ಮೊಬೈಲು ತೆಗೆದು ಆ ಅಂಗಡಿಯವರಿಗೇ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಇಟ್ಟರು. ಮಳೆ, ಆರೋಗ್ಯ, ಮೊಮ್ಮಗಳ ಮದುವೆ ಎಲ್ಲ ಆಯಿತು. ಆಮೇಲೆ ಕೇಳಿದರು.

“ಅಲ್ಲ ಮಾರಾಯ್ರೆ, ನಿಮಗೆ ನಾವು ನಾಲ್ಕು ಕಡಿಮೆಗೆ ಕೊಡ್ತೀವಲ್ಲ, ಅದು ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಳೆ ಹೊಯ್ಯುವ ಸದ್ದು ಕೇಳುತ್ತಿತ್ತು.

“ನಾನೇ ನಿಮ್ಮನ್ನ ಕೇಳಣ ಅಂತಿದ್ದೆ” ಅಂದರು ಅವರು. “ಅಪ್ಪಯ್ಯನ ಕಾಲದಿಂದ ಹಂಗೇ ಬರ್ತಿದೆ. ಕೇಳಿದ್ರೆ ಎಲ್ಲಿ ನಿಲ್ಲಿಸ್ತೀರೋ ಅಂತ ಸುಮ್ನಿದ್ದೆ.”

ಇಬ್ಬರೂ ನಕ್ಕರು. ಸಾಹುಕಾರ್ರು ಫೋನು ಇಟ್ಟು, ಅಕ್ಕನ ಕಡೆ ತಿರುಗಿ, “ಹಂಗೇ ಬಿಡಮ್ಮ” ಅಂದರು.

ಅಕ್ಕ ಮೌಸು ಹಿಡಿದುಕೊಂಡೇ ಕೇಳಿದರು. “ಸರಿ. ಕಾರಣ ಏನು ಹಾಕ್ಲಿ?”